ಜಯಕ್ಕ ಗಿರಾಕಿಯಾದ ದಿನ

ನಾನು ಆ ಮಾತನ್ನು ಆಡಬಾರದಿತ್ತು. ಮೂರು ವರ್ಷದ ಮಗಳಿಗೆ ಜುಟ್ಟು ಕಟ್ಟುವಾಗ, ಹಾಲಿಗೆ ಹೆಪ್ಪು ಹಾಕುವಾಗ, ಬಸ್ಸಿಗೆ ಓಡುವಾಗ, ಒಂದು ಕೈಯಲ್ಲಿ ಶಾವಿಗೆ ಪೊಟ್ಟಣ, ಇನ್ನೊಂದರಲ್ಲಿ ಬಿಲ್ಲಿನ ಯಂತ್ರ ಹಿಡಿದು ನಿಂತಿರುವಾಗ, ಇದೊಂದೇ ಯೋಚನೆ. ಮೊದಲೇ ನಾನು ಚಿಂತೆಯ ಜೀವ. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸು ಬಂದಿದ್ದೇನೆ. ಮಗಳು ಎರಡು ಸಲ ಸೀನಿದರೆ ಮೈಸೂರಿನ ಡಾಕ್ಟರ ನಂಬರು ಹುಡುಕುತ್ತೇನೆ. ಆದರೆ ಅವೆಲ್ಲ ಬಂದು ಹೋಗುವ ಚಿಂತೆಗಳು. ಇದು ಮಾತ್ರ ಎದೆಯ ಮೇಲೆ ಕೂತೇ ಬಿಟ್ಟಿತು, ಯಾಕೆಂದರೆ ನನ್ನ ಆ ಒಂದು ಮಾತಿನಿಂದ ಇನ್ನೊಬ್ಬರ ಅನ್ನಕ್ಕೆ ಕುತ್ತು ಬಂದಿತ್ತು.

ಆ ಇನ್ನೊಬ್ಬರು ಜಯಲಕ್ಷ್ಮಮ್ಮ. ನಾವೆಲ್ಲ ಕರೆಯುವುದು ಜಯಕ್ಕ ಎಂದು.

ಪಾಂಡವಪುರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ಹೊನ್ನತೆನೆ ಸೂಪರ್ ಮಾರ್ಕೆಟ್ ಇದೆ. ಮೊದಲು ಶ್ರೀರಂಗಪಟ್ಟಣದಲ್ಲಿ ಶುರುವಾದದ್ದು, ಆಮೇಲೆ ನಮ್ಮ ಪಾಂಡವಪುರ, ಕೆ.ಆರ್. ಪೇಟೆ, ಕೊನೆಗೆ ನಾಗಮಂಗಲಕ್ಕೂ ಹಬ್ಬಿತು. ಮಾಲೀಕರು ಶಿವಶಂಕರ್. ನಮ್ಮ ಶಾಖೆಯ ಮ್ಯಾನೇಜರ್ ರಘುನಂದನ್. ಒಳಗೆ ಕೆಲಸ ಮಾಡುವ ನಾವು ಹನ್ನೆರಡು ಜನವೂ ಹೆಂಗಸರೇ. ನಾನು ಮೈಸೂರಿನಲ್ಲಿ ಬಿ.ಕಾಂ. ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಎರಡು ವರ್ಷದಿಂದ ಬಿಲ್ಲಿಂಗಿನಲ್ಲಿದ್ದೇನೆ. ಜಯಕ್ಕ ಅಂಗಡಿಯ ಬಾಗಿಲು ತೆರೆದ ದಿನದಿಂದ ಇದ್ದಾರೆ, ಕಾಳು ಮತ್ತು ಬೆಲ್ಲದ ಸಾಲಿನಲ್ಲಿ.

ನಲವತ್ತೆಂಟು ವರ್ಷ, ಎತ್ತರದ ಆಳು. ಸೀರೆಯನ್ನು ಎರಡು ಬೆರಳು ಮೇಲಕ್ಕೆ ಸಿಕ್ಕಿಸಿಕೊಂಡು ನಡೆದರೆ ಗದ್ದೆಯ ಬದುವಿನ ಮೇಲೆ ನಡೆದ ಹಾಗೆಯೇ ಇರುತ್ತದೆ, ಕೆಳಗಿರುವುದು ನುಣ್ಣನೆಯ ಟೈಲ್ಸು ಎಂಬುದು ಅವರ ಕಾಲಿಗೆ ಇನ್ನೂ ಗೊತ್ತಿಲ್ಲ. ಗಿರಾಕಿಗಳನ್ನು ಹೆಸರಿನಿಂದಲ್ಲ, ಊರಿನಿಂದ ಗುರುತಿಸುತ್ತಾರೆ. "ಬನ್ನಿ ಪಾಲಹಳ್ಳಿಯವರೆ, ಈ ಸಲ ಅವರೆಕಾಳು ಅರ್ಧಕ್ಕರ್ಧ ಉಳ ಬಿದ್ದದೆ, ತಗಬ್ಯಾಡಿ," ಎಂದು ಮ್ಯಾನೇಜರಿನ ಮುಂದೆಯೇ ಹೇಳಿಬಿಡುತ್ತಾರೆ. ಓದಿದ್ದು ಏಳನೇ ಕ್ಲಾಸು. ಆದರೆ ನಾನು ರಜೆ ಹಾಕಬೇಕಾಗಿ ಬಂದಾಗ ಎರಡೇ ದಿನದಲ್ಲಿ ಬಿಲ್ಲಿನ ಯಂತ್ರ ಕಲಿತರು. "ಏನವ್ವ ಇದು, ಗೆರೆ ತೋರ್ಸಿದ್ರೆ ಕೂಗ್ತದೆ, ಅಷ್ಟೆ ತಾನೆ? ನಮ್ಮೂರ್ ಕೋಳಿ ಇದ್ಕಿಂತ ತಲೆ ಓಡಿಸ್ತದೆ," ಎಂದರು.

ಕೊರೊನಾ ಕಾಲದ ಕತೆಯನ್ನು ನಾನು ಅವರ ಬಾಯಿಂದಲೇ ಕೇಳಿದ್ದು. ಆಗ ಬಸ್ಸಿಲ್ಲ, ಆಟೋ ಇಲ್ಲ. ಚಿನಕುರಳಿ ಕಡೆಯ ತಮ್ಮ ಊರಿನಿಂದ ಅವರು ದಿನಾ ನಡೆದು ಬರುತ್ತಿದ್ದರು. ಗಂಡ ತಿಮ್ಮರಾಜು ಕಬ್ಬಿನ ಟ್ರಾಕ್ಟರು ಓಡಿಸುವವರು, ಅವರಿಗೂ ಆಗ ಕೆಲಸವಿರಲಿಲ್ಲ. ದಾರಿಯಲ್ಲಿ ಪೊಲೀಸರು ನಿಲ್ಲಿಸಿ "ಎಲ್ಲಿಗಮ್ಮ?" ಎಂದರೆ "ನಿಮ್ಮನೆಗೆ ಅಕ್ಕಿ ಕೊಡಕೆ ಓಯ್ತಿವ್ನಿ," ಎನ್ನುತ್ತಿದ್ದರಂತೆ. ಬಂದ ಗಿರಾಕಿಗಳೆಲ್ಲ ಮಾರು ದೂರದಲ್ಲಿ ನಿಂತರೂ ಇವರು ಎಲ್ಲರ ಚೀಲವನ್ನೂ ಮುಟ್ಟಲೇಬೇಕು. ಕೆಲಸ ಬಿಟ್ಟು ಮನೆಗೆ ಹೋದಮೇಲೆ ಹಿತ್ತಿಲಲ್ಲೇ ನೀರು ಹುಯ್ದುಕೊಂಡು, ಕೊಟ್ಟಿಗೆಯಲ್ಲಿ ಮಲಗಿದ್ದು ನಾಲ್ಕು ತಿಂಗಳು.

ಶಿವಶಂಕರ್ ಅವರು ಆಗ ಎಲ್ಲರಿಗೂ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆಸಿ, ಅಂಗಡಿಯ ಮುಂದೆ ಫ್ಲೆಕ್ಸ್ ಹಾಕಿಸಿದರು. 'ನಮ್ಮ ಕೊರೊನಾ ವೀರರು.' ಅದರ ಜೊತೆಗೆ ಕೈ ಜೋಡಿಸಿ ಇನ್ನೊಂದು ಮಾತನ್ನೂ ಹೇಳಿದರು: "ಈಗ ನೀವು ನನ್ನ ಕೈ ಹಿಡೀರಿ. ಕಷ್ಟ ಕಳೆದ ಮೇಲೆ ನಾನು ನಿಮ್ಮ ಕೈ ಹಿಡೀತೀನಿ." ಹಾಗೆಂದು ವಾರದ ರಜೆ ನಿಂತಿತು. ಸಂಬಳದಲ್ಲಿ ತಿಂಗಳಿಗೆ ಸಾವಿರದ ಐನೂರು ಇಳಿಯಿತು. ಗಿರಾಕಿಗಳು ಕೂತು ಹರಟುತ್ತಾರೆ, ಅಂತರ ಕಾಪಾಡಬೇಕು ಎಂದು ಸ್ಟೂಲುಗಳನ್ನೆಲ್ಲ ಎತ್ತಿ ಗೋದಾಮಿಗೆ ಹಾಕಿದರು.

ಕೊರೊನಾ ಹೋಯಿತು. ಮಾಸ್ಕು ಹೋಯಿತು, ನೆಲದ ಮೇಲೆ ಬಳಿದಿದ್ದ ವೃತ್ತಗಳು ಅಳಿಸಿದವು. ಹೋದ ರಜೆ, ಹೋದ ದುಡ್ಡು, ಹೋದ ಸ್ಟೂಲು ಮಾತ್ರ ವಾಪಸು ಬರಲಿಲ್ಲ. ನಾನು ಸೇರಿದಾಗ ಆ ಫ್ಲೆಕ್ಸು ಗೋದಾಮಿನಲ್ಲಿ ಅಕ್ಕಿ ಮೂಟೆಗಳಿಗೆ ಹೊದಿಕೆಯಾಗಿತ್ತು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟೂವರೆಯವರೆಗೆ ನಿಂತೇ ಇರಬೇಕು. ರಜೆ ಕೇಳಿದರೆ ರಘುನಂದನ್ ಅವರದು ಒಂದೇ ಉತ್ತರ: "ತಗೊಳ್ಳಿ, ಸಂಬಳ ಇಲ್ಲ. ಆದರೆ ನಿಮ್ಮ ಸಾಲನ್ನ ಯಾರು ನೋಡ್ಕೋತಾರೆ ಅಂತ ಹೇಳಿ ಹೋಗಿ."

ಅದಕ್ಕೆ ದಾರಿ ಕಂಡುಹಿಡಿದವರು ಜಯಕ್ಕ.

ಅವರು ಹುಟ್ಟಿ ಬೆಳೆದದ್ದು ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಲ್ಲಿ. ಅಲ್ಲಿ ನಾಟಿ ಕಾಲದಲ್ಲಿ ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿ ಇಲ್ಲ, ಆಳಿಗೆ ಆಳು. ಅದನ್ನು ಮುಯ್ಯಾಳು ಎನ್ನುತ್ತಾರೆ. ಪಟ್ಟಣದಲ್ಲಿ ಬೆಳೆದ ನನಗೆ ಪದವೂ ಹೊಸದು, ಪದ್ಧತಿಯೂ ಹೊಸದು. ಜಯಕ್ಕ ಅದನ್ನು ಅಂಗಡಿಗೆ ತಂದರು. ಸೋಪಿನ ಸಾಲಿನವಳು ತಂಗಿಯ ಸೀಮಂತಕ್ಕೆ ಹೋದರೆ ಎಣ್ಣೆಯ ಸಾಲಿನವಳು ಎರಡನ್ನೂ ನೋಡುತ್ತಾಳೆ, ಮುಂದಿನ ವಾರ ಇವಳಿಗೆ ಅವಳು. ಯಾರ ಮುಯ್ಯಿ ಯಾರಿಗೆ ಬಾಕಿ ಎಂಬುದು ಜಯಕ್ಕನ ತಲೆಯಲ್ಲಿರುತ್ತಿತ್ತು. ನನ್ನ ಮಗಳಿಗೆ ಜ್ವರ ಏರಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದ ಮೂರು ದಿನ, ಬಿಲ್ಲಿಂಗಿನಲ್ಲಿ ನಿಂತು, ಮಧ್ಯೆ ಮಧ್ಯೆ ಓಡಿ ಹೋಗಿ ಬೆಲ್ಲ ತೂಗಿದವರು ಅವರೇ. ನಾಲ್ಕನೇ ದಿನ ನಾನು ಅಳುತ್ತಾ ಥ್ಯಾಂಕ್ಸ್ ಹೇಳಿದರೆ, "ಅಳಾದು ಬುಡು, ಮುಯ್ಯಿ ತೀರ್ಸಿದ್ರೆ ಸಾಕು. ಬರಾ ಶುಕ್ರವಾರ ನಂಗೆ ಅರ್ಧ ದಿವ್ಸ ಬೇಕು," ಎಂದರು.

ಇಷ್ಟು ಚೆನ್ನಾಗಿ ನಡೆದುಕೊಂಡು ಹೋಗುತ್ತಿದ್ದಾಗಲೇ ನಾನು ಬಾಯಿ ಬಿಟ್ಟದ್ದು.

ಡಿಸೆಂಬರಿನಲ್ಲಿ ಸರಕು ಎಣಿಸಿ ನೋಡುವುದಕ್ಕೆ ಮಾಲೀಕರು ಬಂದಿದ್ದರು. ಎಲ್ಲರಿಗೂ ಟೀ ತರಿಸಿದರು. ನನ್ನ ಕಡೆ ತಿರುಗಿ, "ಏನಮ್ಮ, ಜನ ಸಾಕಾಗ್ತಿದಾರಾ?" ಎಂದು ಕೇಳಿದರು. ನನಗೆ ಒಂದು ನಮೂನೆ ಹೆಮ್ಮೆ. ನಮ್ಮ ಶಾಖೆಯ ಒಗ್ಗಟ್ಟನ್ನು ಹೊಗಳಿದರೆ ಅವರಿಗೂ ಸಂತೋಷವಾಗಬಹುದು, ನಮಗೂ ಏನಾದರೂ ಒಳ್ಳೆಯದಾಗಬಹುದು ಎಂದುಕೊಂಡು, "ಸಾರ್, ಇಬ್ಬರು ಮೂವರು ಬರದೆ ಇದ್ದರೂ ಗಿರಾಕಿಗಳಿಗೆ ಗೊತ್ತೇ ಆಗಲ್ಲ, ಹಾಗೆ ನಿಭಾಯಿಸ್ತೀವಿ," ಎಂದುಬಿಟ್ಟೆ. ಅವರು ನಕ್ಕರು. ಟೀ ಕುಡಿದು ಹೋದರು.

ಹದಿನೈದು ದಿನಕ್ಕೆ ಗೋಡೆಗೆ ಚೀಟಿ ಅಂಟಿತು. ಫೆಬ್ರವರಿ ಒಂದರಿಂದ ಪಾಂಡವಪುರ ಶಾಖೆಗೆ ಒಂಬತ್ತು ಜನ. ಬಿಡಿಸುವ ಮೂವರ ಹೆಸರು ಕೆಳಗೆ. ವಯಸ್ಸಿನ ಪ್ರಕಾರ ಬರೆದಿದ್ದರು, ಮೊದಲನೆಯದೇ ಜಯಲಕ್ಷ್ಮಮ್ಮ.

ಮನೆಯಲ್ಲಿ ಅತ್ತೆ ಯಶೋದಮ್ಮ ನನ್ನ ಮುಖ ನೋಡಿ ವಿಷಯ ಹೊರಗೆಳೆದರು. ಸಮಾಧಾನ ಮಾಡುತ್ತಾರೇನೋ ಎಂದರೆ, "ಮಾತು ಆಡುದ್ರೆ ಓಯ್ತು, ಮುತ್ತು ಒಡುದ್ರೆ ಓಯ್ತು. ಓಗಿ ಆಯಮ್ಮಂಗೆ ಯೇಳ್ಬುಡು. ಇಲ್ಲಾಂದ್ರೆ ನೀನೂ ಉಣ್ಣಕಿಲ್ಲ, ನಮ್ಮನ್ನೂ ಉಣ್ಣಕೆ ಬುಡಕಿಲ್ಲ," ಎಂದರು.

ಮಾರನೆಯ ದಿನ ಊಟದ ಹೊತ್ತಿನಲ್ಲಿ ಗೋದಾಮಿಗೆ ಹೋದೆ. ಜಯಕ್ಕ ಅಕ್ಕಿ ಮೂಟೆಗೆ ಒರಗಿ ನಿಂತು ಮುದ್ದೆ ಮುರಿಯುತ್ತಿದ್ದರು. ಕೂತು ಉಂಡರೆ ಮೇಲೇಳುವುದು ಕಷ್ಟ ಎಂದು ಅವರು ಊಟವನ್ನೂ ನಿಂತೇ ಮಾಡುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಕೊನೆಗೆ, "ನನ್ನಿಂದಲೇ ನಿಮ್ಮ ಕೆಲಸ ಹೋಗ್ತಿದೆ ಜಯಕ್ಕ," ಎಂದೆ.

ಅವರು ತುತ್ತು ನುಂಗಿ, ಚೊಂಬಿನ ನೀರು ಕುಡಿದು, ನಕ್ಕರು. "ನೀನಲ್ಲ ಕಣವ್ವ ಯೋಳಿದ್ದು. ನಮ್ ಕೈಗಳೇ ಯೋಳ್ಬುಟ್ಟೊ. ನೀನು ಬಾಯಿ ಮುಚ್ಕಂಡಿದ್ರೂ ಇವತ್ತಲ್ಲ ನಾಳೆ ಕಾಣದೆಯ."

"ಅಂದರೆ?"

"ತಪ್ಪು ನಂದು. ಮುಯ್ಯಾಳನ್ನ ಇಲ್ಲಿಗೆ ತಂದಿದ್ದು ನಾನು ತಾನೆ? ಊರಲ್ಲಿ ನಿನ್ ಗದ್ದೆಗೆ ನಾನು ಗೇಮೆ ಮಾಡುದ್ರೆ ಬೆಳೆ ನಿಂದು. ನನ್ ಗದ್ದೆಗೆ ನೀನು ಬಂದ್ರೆ ಬೆಳೆ ನಂದು. ಇಲ್ಲಿ ಗದ್ದೆ ಯಾರ್ದು? ನಿನ್ ಸಾಲು ನಾನು ನೋಡುದ್ರೂ ಯಜಮಾನ್ರುದೆ, ನನ್ ಸಾಲು ನೀನು ನೋಡುದ್ರೂ ಯಜಮಾನ್ರುದೆ. ನಾವು ನಮ್ ನಮ್ಗೆ ಉಪಕಾರ ಮಾಡ್ಕತಾ ಇವಿ ಅನ್ಕಂಡು ಅವ್ರ್‌ಗೆ ಮೂರು ಆಳು ಉಳ್ಸಿ ಕೊಟ್ಟೊ." ಅವರು ಕೈ ತೊಳೆದುಕೊಂಡರು. "ನಾಕು ವರ್ಸ ಆಯ್ತು ಕಣವ್ವ, ನಮ್ಮನೆ ಅಗ್ಲೊತ್ತಲ್ಲಿ ಎಂಗದೆ ಅಂತ ನಾನು ಸರ್ಯಾಗಿ ನೋಡಿಲ್ಲ. ಒತ್ತಾರೆ ಒಂಟಾಗ ಮಂಕು, ಬಂದಾಗ ಕತ್ಲೆ. ಆಮ್ಯಾಕೆ ಯಜಮಾನ್ರು ಕೈ ಹಿಡೀತಾರೆ ಅಂತ ಕಾದೆ. ಈಗ ಕೈ ಹಿಡಿದು ಆಚೆಗೆ ಬುಡ್ತಾವ್ರೆ."

ಅಂಗಡಿ ನೌಕರರಿಗೆ ವಾರಕ್ಕೊಂದು ದಿನ ರಜೆ ಕೊಡಬೇಕೆಂದು ಕಾನೂನೇ ಇದೆ, ಫೋನಿನಲ್ಲಿ ಓದಿದ್ದೇನೆ ಎಂದಷ್ಟೇ ಹೇಳಿದೆ.

"ಓದಿದ್ದೀಯ?"

"ಓದಿದ್ದೀನಿ."

"ಎರಡು ವರ್ಸದಿಂದ ಓದ್ಕಂಡು ಸುಮ್ಕೆ ಇದ್ದೀಯಲ್ಲ ತಾಯಿ. ಬರಿ ಅತ್ಲಾಗೆ ಒಂದು ಅರ್ಜಿಯ."

ಬರೆದೆ. ಗೆರೆ ಹಾಕಿದ ಎರಡು ಹಾಳೆ. ವಾರಕ್ಕೊಂದು ಸಂಬಳಸಹಿತ ರಜೆ, ಕೊರೊನಾದಲ್ಲಿ ಕಡಿದ ಸಂಬಳ ವಾಪಸು, ಕೂರುವುದಕ್ಕೆ ಸ್ಟೂಲು, ಹನ್ನೆರಡು ಜನರಲ್ಲಿ ಯಾರನ್ನೂ ಬಿಡಿಸಬಾರದು. ಹನ್ನೆರಡು ಸಹಿ ಬಿತ್ತು. ರಘುನಂದನ್ ಅದನ್ನು ಓದಿ ಮೇಜಿನ ಖಾನೆಯೊಳಕ್ಕೆ ಹಾಕಿ, "ಜಯಲಕ್ಷ್ಮಮ್ಮ, ಹೋಗೋ ಕಾಲದಲ್ಲಿ ನಿಮಗೆ ಇದೆಲ್ಲ ಬೇಕಾ?" ಎಂದರು.

"ಓಗಾ ಕಾಲ್ದಲ್ಲೇ ಬೇಕು ಸಾ. ಇದ್ದಾಗ ಕೇಳಿದ್ರೆ ರಜಾ ಇಲ್ಲ ಅಂದ್ರಲ್ಲ."

ಒಂದು ವಾರ ಕಾದೆವು. ಉತ್ತರವಿಲ್ಲ. ಆಮೇಲೆ ಜಯಕ್ಕ ನಮ್ಮನ್ನೆಲ್ಲ ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿಕೊಂಡು ಹೇಳಿದ್ದು ಇಷ್ಟೇ: "ಗಲಾಟೆ ಬ್ಯಾಡ, ಕೂಗಾಟ ಬ್ಯಾಡ. ಯಜಮಾನ್ರು ಒಂಬತ್ತು ಜನ ಸಾಕು ಅಂದವ್ರೆ. ಒಂಬತ್ತೇ ಕೊಡವ. ಸಂಕ್ರಾಂತಿಗೆ ಮುಂಚಿನ ಸನಿವಾರ ನಾವು ಮೂರು ಜನ ವಾರದ ರಜಾ ತಗತೀವಿ, ಬರ್ದು ಕೊಟ್ಟು. ಮಿಕ್ಕಿದ ಒಂಬತ್ತು ಜನ ಬನ್ನಿ. ನಿಮ್ ನಿಮ್ ಸಾಲು ಅಚ್ಚುಕಟ್ಟಾಗಿ ನೋಡ್ಕಳಿ. ಪಕ್ಕದ ಸಾಲಿಗೆ ಮಾತ್ರ ಕಾಲಿಡಬ್ಯಾಡಿ. ಮುಯ್ಯಾಳು ಇವತ್ತಿಂದ ಬಂದ್."

ಆ ಶನಿವಾರ ಬಂತು. ಸಂಕ್ರಾಂತಿ ಎಂದರೆ ನಮ್ಮಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಸಕ್ಕರೆ ಅಚ್ಚು. ಮನೆ ಮನೆಗೆ ಬೀರಬೇಕು. ಹತ್ತು ಗಂಟೆಗೆಲ್ಲ ಜನ ತುಂಬಿತು. ತುಂಬಿದ್ದು ಎಲ್ಲಿ ಎಂದರೆ ಕಾಳು ಬೆಲ್ಲದ ಸಾಲಿನಲ್ಲಿ. ಅಲ್ಲಿ ಯಾರೂ ಇಲ್ಲ. ತಕ್ಕಡಿ ಯಂತ್ರ ಸೊನ್ನೆ ತೋರಿಸುತ್ತಾ ಮಿಣುಕುತ್ತಿತ್ತು.

"ಏನ್ರೀ, ಬೆಲ್ಲ ತೂಗೋರು ಯಾರು?" ಎಂದು ಒಬ್ಬರು ಎಣ್ಣೆಯ ಸಾಲಿನವಳನ್ನು ಕೇಳಿದರು.

"ನಂದು ಎಣ್ಣೆ ಅಣ್ಣ. ಎಣ್ಣೆ ಬೇಕಾ?"

ರಘುನಂದನ್ ತಾವೇ ತೋಳು ಮಡಿಚಿ ಬೆಲ್ಲಕ್ಕೆ ಇಳಿದರು. ಅಚ್ಚುಬೆಲ್ಲದ ಪೆಟ್ಟಿಗೆಯನ್ನು ತಲೆಕೆಳಗಾಗಿ ಬಿಚ್ಚಿದರು. ಅಚ್ಚುಗಳು ಉರುಳಿ ಬಿಸ್ಕತ್ತಿನ ಸಾಲಿನವರೆಗೂ ಹೋದವು. ಯಂತ್ರದಲ್ಲಿ ಎಳ್ಳಿನ ಗುಂಡಿ ಒತ್ತುವ ಬದಲು ಗೋಡಂಬಿಯದು ಒತ್ತಿದರು. ನನ್ನ ಕೌಂಟರಿಗೆ ಬಂದ ಅಜ್ಜಿಯೊಬ್ಬರು ಕಾಲು ಕಿಲೋ ಎಳ್ಳಿನ ಚೀಟಿ ನೋಡಿ, "ಇದೇನವ್ವ, ಎಳ್ಳಿಗೆ ಬಂಗಾರದ ನೀರು ಹಾಕವ್ರಾ?" ಎಂದರು. ಚೀಟಿ ತಿದ್ದಿಸಿಕೊಂಡು ಬರಬೇಕು. ಸಾಲು ಬಾಗಿಲು ದಾಟಿ ಬೀದಿಗೆ ಹೋಯಿತು. ಹೋಗಿ ಎಲ್ಲವನ್ನೂ ಸರಿ ಮಾಡಿಬಿಡೋಣ ಎಂದು ನನ್ನ ಕಾಲು ತವಕಿಸುತ್ತಿತ್ತು. ಉಳಿದ ಎಂಟು ಜನರಿಗೂ ಹಾಗೇ ಆಗಿರಬೇಕು. ಬಿದ್ದದ್ದನ್ನು ನೋಡಿ ಎತ್ತದೆ ಇರುವುದು ನಮ್ಮಂಥವರಿಗೆ ಎಷ್ಟು ಕಷ್ಟದ ಕೆಲಸ ಎಂದು ಅವತ್ತು ಗೊತ್ತಾಯಿತು.

ಹನ್ನೆರಡು ಗಂಟೆಯ ಹೊತ್ತಿಗೆ ಜಯಕ್ಕ ಬಂದರು. ನಾನು ಗಾಬರಿಯಾದೆ, ಮನಸ್ಸು ತಡೆಯದೆ ಕೆಲಸಕ್ಕೇ ಬಂದುಬಿಟ್ಟರೇ ಎಂದು. ಆದರೆ ಮೈಮೇಲೆ ಅಂಗಡಿಯ ನೀಲಿ ಕೋಟು ಇರಲಿಲ್ಲ. ತುಂಬೆ ಹೂವಿನಂಥ ಬಿಳಿ ಬುಟ್ಟಾ ಇರುವ ಹಸಿರು ಸೀರೆ, ಮುಡಿಯಲ್ಲಿ ಸೇವಂತಿಗೆ, ಕೈಯಲ್ಲಿ ಬಟ್ಟೆಯ ಚೀಲ. ಬಂದವರು ಗಿರಾಕಿಗಳ ಸಾಲಿನ ಕೊನೆಯಲ್ಲಿ ನಿಂತರು.

ಅಭ್ಯಾಸಬಲದಿಂದ ಜನ ಅವರನ್ನೇ ಸುತ್ತಿಕೊಂಡರು. "ಅಕ್ಕ, ಹುರಿಗಡಲೆ ಎಲ್ಲಿ?" "ಅಮ್ಮ, ಒಸಿ ಬೆಲ್ಲ ಆರಿಸಿಕೊಡಿ."

ಜಯಕ್ಕ ಎರಡೂ ಕೈಗಳನ್ನು ಚೀಲದ ಹಿಡಿಯ ಮೇಲೆ ಇಟ್ಟುಕೊಂಡು, "ಇವತ್ತು ನಾನೂ ಗಿರಾಕಿ ಕಣಪ್ಪ. ನಂಗೂ ಎಳ್ಳು ಬೇಕು," ಎಂದರು. "ರಜಾನಾ?" ಎಂದರೆ "ಊಂ, ನಾಕು ವರ್ಸಕ್ಕೆ ಒಂದು," ಎಂದರು. ಆ ಮಾತು ಸಾಲಿನುದ್ದಕ್ಕೂ ಬಾಯಿಂದ ಬಾಯಿಗೆ ಹೋಯಿತು. ನಾಲ್ಕು ವರ್ಷಕ್ಕೆ ಒಂದು ರಜೆಯಂತೆ. ಹನ್ನೆರಡು ಜನರನ್ನು ಒಂಬತ್ತು ಮಾಡುತ್ತಾರಂತೆ. ಅದಕ್ಕೇ ಈ ಸ್ಥಿತಿಯಂತೆ.

ಒಂದೂವರೆಗೆ ಕೆ.ಆರ್. ಪೇಟೆ ಶಾಖೆಯ ಸರಕಿನ ವ್ಯಾನು ಬಂದು ನಿಂತಿತು. ರಘುನಂದನ್ ಫೋನು ಮಾಡಿದ್ದರಿಂದ ಮಾಲೀಕರು ಕಳಿಸಿದ್ದು. ಒಳಗಿನಿಂದ ನೀಲಿ ಕೋಟಿನ ಆರು ಜನ ಹೆಂಗಸರು ಇಳಿದರು. ಇವರು ಬಂದು ಬೆಲ್ಲ ತೂಗಿದರೆ ಮುಗಿಯಿತು, ಅರ್ಧ ಗಂಟೆಯಲ್ಲಿ ಎಲ್ಲ ಸರಿಹೋಗುತ್ತದೆ, ಜಯಕ್ಕನ ಕೆಲಸ ಹೋದ ಹಾಗೆಯೇ.

ಮುಂದೆ ಇದ್ದವರು ಬೆಟ್ಟಮ್ಮ ಎಂಬ ದಪ್ಪನೆಯ ಹೆಂಗಸು. ಕೆ.ಆರ್. ಪೇಟೆಯ ಶಾಖೆಯಲ್ಲಿ ಅವರೇ ಹಿರಿಯರು ಎಂದು ಆಮೇಲೆ ಗೊತ್ತಾಯಿತು. ಅವರು ಸಾಲಿನಲ್ಲಿ ನಿಂತ ಹಸಿರು ಸೀರೆಯನ್ನು ನೋಡಿ ನಿಂತರು.

"ಯಾರು, ಸಂತೆಬಾಚಳ್ಳಿ ಪುಟ್ಟಸ್ವಾಮಣ್ಣನ ಮಗಳಲ್ವಾ?"

"ಊಂ ಕಣಕ್ಕ. ನೀವ್ಯಾರ್ ಪೈಕಿ?"

"ನಮ್ ತೌರು ನಿಮ್ಮೂರ್ ಪಕ್ಕಾನೆಯ. ನಿಮ್ಮಪ್ಪನ್ ಗದ್ದೆಗೆ ಮುಯ್ಯಾಳಿಗೆ ಬಂದಿವ್ನಿ, ಸಣ್ಣೋಳಿದ್ದಾಗ. ನೀನ್ಯಾಕೆ ಸಾಲಲ್ಲಿ ನಿಂತಿದ್ದೀಯ?"

ಜಯಕ್ಕ ನಾಲ್ಕು ಮಾತಿನಲ್ಲಿ ಹೇಳಿದರು. ಬೆಟ್ಟಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಅವರ ಶಾಖೆಯಲ್ಲೂ ಅದೇ ರಜೆ, ಅದೇ ಕಡಿತ, ಅದೇ ಇಲ್ಲದ ಸ್ಟೂಲು.

ಅಷ್ಟರಲ್ಲಿ ರಘುನಂದನ್ ಬೆಲ್ಲದ ಕೈಯಲ್ಲೇ ಓಡಿ ಬಂದರು. "ಬನ್ನಿ ಬನ್ನಿ, ನೀವು ಮೂವರು ಕಾಳಿಗೆ, ಉಳಿದವರು ಪ್ಯಾಕಿಂಗಿಗೆ."

ಬೆಟ್ಟಮ್ಮ ಕದಲಲಿಲ್ಲ. ಜಯಕ್ಕನನ್ನೇ ಕೇಳಿದರು, "ನೀನು ಕರ್ದ್ಯೇನವ್ವ ನಮ್ಮನ್ನ?"

"ನಾನು ಕರೀನಿಲ್ಲ."

"ಇಲ್ಲಿರೋರು ಯಾರಾರ ಕರ್ದ್ರಾ?"

ನಾವು ಒಂಬತ್ತು ಜನವೂ ಇಲ್ಲವೆಂದು ತಲೆಯಾಡಿಸಿದೆವು. ಬೆಟ್ಟಮ್ಮ ಮ್ಯಾನೇಜರ ಕಡೆ ತಿರುಗಿದರು. "ಸಾ, ಮುಯ್ಯಾಳಿಗೆ ಕರ್ದೋರ ಗದ್ದೆಗೆ ಓಗಾದು, ಕಳ್ಸಿದೋರ ಗದ್ದೆಗಲ್ಲ. ನಮ್ದು ಕೆ.ಆರ್. ಪೇಟೆ ಸಾಲು, ಅಲ್ಲಿಗೆ ಬುಡ್ಸಿ, ಮಾಡ್ತೀವಿ." ಆಮೇಲೆ ತಮ್ಮ ಜೊತೆಯವರಿಗೆ, "ಎಂಗೂ ಬಂದಿವಿ, ಎಳ್ಳು ತಗಳ್ಳಾನ ಕಣ್ರೇ. ನಿಂತ್ಕಳಿ ಸಾಲಿಗೆ," ಎಂದರು.

ಆರು ಜನವೂ ಜಯಕ್ಕನ ಹಿಂದೆ ಸಾಲಿಗೆ ನಿಂತರು. ಬೀದಿಯಲ್ಲಿದ್ದವರು ನಗತೊಡಗಿದರು. "ರಘು ಸಾರ್," ಎಂದು ಯಾರೋ ಕೂಗಿದರು, "ಕೆಲಸದೋರ್ನ ತರುಸ್ತೀನಿ ಅಂತ ಗಿರಾಕಿ ತರ್ಸಿದ್ರಲ್ಲ."

ಮೂರು ಗಂಟೆಗೆ ಶ್ರೀರಂಗಪಟ್ಟಣದಿಂದ ಶಿವಶಂಕರ್ ತಾವೇ ಬಂದರು. ಸಾಲು ನೋಡಿದರು, ನೆಲದ ಮೇಲಿನ ಬೆಲ್ಲ ನೋಡಿದರು. ಕೆಟ್ಟ ಮನುಷ್ಯರಲ್ಲ, ಆದರೆ ಹಬ್ಬದ ವ್ಯಾಪಾರ ಬೀದಿಪಾಲಾಗುವುದನ್ನು ನೋಡಿ ಯಾರಿಗೆ ತಾನೇ ಉರಿಯುವುದಿಲ್ಲ. ನೇರ ಜಯಕ್ಕನ ಹತ್ತಿರ ಹೋದರು.

"ಏನಮ್ಮ ಜಯಲಕ್ಷ್ಮಮ್ಮ, ಹಬ್ಬದ ಹೊತ್ತಲ್ಲಿ ನನ್ನ ಮರ್ಯಾದೆ ತೆಗೀತಿದ್ದೀರಲ್ಲ."

"ನಾನೇನು ಮಾಡ್ದೆ ಸಾ? ಒಂಬತ್ತು ಜನ ಸಾಕು ಅಂದ್ರಿ. ಎಣಿಸ್ಕಳಿ, ಒಂಬತ್ತು ಜನ ಒಳಗವ್ರೆ. ನಾನು ರಜಾದಲ್ಲಿ ಎಳ್ಳು ತಗಳಕೆ ಬಂದಿವ್ನಿ."

"ಕೊರೊನಾದಲ್ಲಿ ನನಗೂ ಎಷ್ಟು ನಷ್ಟ ಆಯ್ತು ಗೊತ್ತಾ?"

"ಗೊತ್ತು ಸಾ. ಅದ್ಕೆ ಆಗ ಒಬ್ರೂ ಒಂದು ಮಾತು ಕೇಳ್ನಿಲ್ಲ. ಶಾಲು ಹೊದ್ದಿಸ್ಬುಟ್ಟು ಏನಂದ್ರಿ, ಗ್ಯಾಪ್ಕ ಅದಾ?"

ಶಿವಶಂಕರ್ ಅವರಿಗೆ ನೆನಪಿತ್ತು. ಅದು ಅವರ ಮುಖದಲ್ಲೇ ಕಾಣುತ್ತಿತ್ತು.

"ಈಗ ನೀವು ಕೈ ಹಿಡೀರಿ, ಆಮ್ಯಾಕೆ ನಾನು ಅಂದ್ರಿ," ಎಂದರು ಜಯಕ್ಕ. ದನಿ ಏರಿಸಲಿಲ್ಲ, ಗಿರಾಕಿಗೆ ಅವರೆಕಾಳಿನ ಹುಳದ ವಿಷಯ ಹೇಳುವಷ್ಟೇ ಸಲೀಸಾಗಿ ಹೇಳಿದರು. "ನಾವು ಅದುನ್ನ ಮುಯ್ಯಿ ಅನ್ಕಂಡೊ. ನಿಮ್ ಗದ್ದೆಗೆ ಬಂದು ಗೇದೊ, ನೀವು ನಮ್ ಗದ್ದೆಗೆ ಬರ್ನಿಲ್ಲ. ನಮ್ ಕಡೆ ಮುಯ್ಯಿ ತೀರುಸ್ದೆ ಇರೋರ್‌ನ ಮುಂದಿನ್ ವರ್ಸ ಯಾರೂ ಕರೆಯಕಿಲ್ಲ, ಅವ್ರ್ ಮನೆಗೂ ಓಗಕಿಲ್ಲ. ನಾವು ಇನ್ನೂ ಬತ್ತಾ ಇವಿ, ನೋಡಿ."

ಸಾಲಿನಲ್ಲಿದ್ದ ಮುದುಕರೊಬ್ಬರು ಊರುಗೋಲಿನಿಂದ ನೆಲ ಕುಟ್ಟಿದರು. "ಸರ್ಯಾಗಿ ಅದೆ ಸ್ವಾಮಿ, ಆಯಮ್ಮ ಯೋಳಾದು. ಕೊಟ್ಬುಡಿ ಅತ್ಲಾಗೆ. ನಾವೂ ಎಳ್ಳು ತಗಂಡು ಮನೆ ಸೇರ್ಕತೀವಿ."

ಶಿವಶಂಕರ್ ಸುತ್ತ ನೋಡಿದರು. ಬೀದಿಯಲ್ಲಿ ನಿಂತ ಅಷ್ಟು ಜನರೂ ಅವರನ್ನೇ ನೋಡುತ್ತಿದ್ದರು. "ಆಯ್ತು. ಯಾರನ್ನೂ ಬಿಡಿಸಲ್ಲ. ರಜೆ, ಸಂಬಳ, ಸ್ಟೂಲು, ಎಲ್ಲ ಈ ತಿಂಗಳಿಂದಲೇ. ಸರಿಯಾ? ಈಗ ಕೆಲಸಕ್ಕೆ ಬನ್ನಿ," ಎಂದರು.

ಎಲ್ಲರ ಮುಖವೂ ಅರಳಿತು. ಆಗಲೇ ಯಾರೋ, "ಬರೆದು ಕೊಡಿ ಸಾರ್," ಎಂದರು. ಒಂದು ಗಳಿಗೆಯ ನಂತರ ಅದು ನನ್ನದೇ ದನಿ ಎಂದು ತಿಳಿಯಿತು. ಕೌಂಟರಿನ ಹಿಂದಿನಿಂದ ಆಚೆ ಬಂದಿದ್ದೆ. ಅರ್ಜಿಯ ನಕಲು ನನ್ನ ಚೀಲದಲ್ಲಿತ್ತು, ಎಲ್ಲಿ ಕಳೆಯುತ್ತದೋ ಎಂದು ಮೂರು ನಕಲು ಮಾಡಿಸಿಕೊಂಡಿದ್ದೆ. ಒಂದನ್ನು ಮುಂದೆ ಹಿಡಿದೆ.

"ನಿಭಾಯಿಸ್ತೀವಿ ಅಂದವಳು ನೀನೇ ಅಲ್ವೇನಮ್ಮ?" ಎಂದರು ಶಿವಶಂಕರ್.

"ಹೌದು ಸಾರ್. ಇವತ್ತೂ ನಿಭಾಯಿಸ್ತೀವಿ. ಸಹಿ ಹಾಕಿ."

ಅವರು ಹಾಳೆಯನ್ನು ನನ್ನ ಕೌಂಟರಿನ ಮೇಲೇ ಇಟ್ಟು ಓದಿ, ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಶಾಖೆಗಳಿಗೆ ಅನ್ವಯಿಸುತ್ತದೆ ಎಂದು ಕೆಳಗೆ ಬರೆದು ಸಹಿ ಹಾಕಿದರು. "ನಾಗಮಂಗಲ?" ಎಂದು ಬೆಟ್ಟಮ್ಮ ಕೇಳಿದರು. ಅದು ಭಾವಮೈದುನನ ಪಾಲುದಾರಿಕೆ, ಅಲ್ಲಿಯದು ನನ್ನ ಕೈಲಿಲ್ಲ ಎಂದರು.

ಜಯಕ್ಕ ಸೆರಗು ಸಿಕ್ಕಿಸಿಕೊಂಡರು. ಕೋಟು ಹಾಕಿಕೊಳ್ಳಲಿಲ್ಲ, ಹಸಿರು ಸೀರೆಯಲ್ಲೇ ತಕ್ಕಡಿಯ ಹಿಂದೆ ನಿಂತು, "ಈಗ ನಾನು ಕರೀತಾ ಇವ್ನಿ ಕಣಕ್ಕ, ಬನ್ನಿ," ಎಂದರು. ಬೆಟ್ಟಮ್ಮನ ಆರು ಜನ ಸಾಲು ಬಿಟ್ಟು ಒಳಗೆ ಬಂದರು. ಆ ಸಂಜೆ ಹೊನ್ನತೆನೆಯಲ್ಲಿ ಎಳ್ಳು ತೂಗಿದ ವೇಗವನ್ನು ನೋಡಿದವರೇ ಬಲ್ಲರು. ಆರೂವರೆಗೆ ಬೆಲ್ಲದ ಪೆಟ್ಟಿಗೆ ಖಾಲಿ. ಅರ್ಧ ದಿನ ಕೆಲಸ ಮಾಡಿದ್ದರಿಂದ ರಜೆ ಇನ್ನೂ ಅರ್ಧ ಬಾಕಿ ಇದೆ ಎಂದು ಜಯಕ್ಕ ರಘುನಂದನ್ ಅವರಿಗೆ ಜ್ಞಾಪಿಸಿಯೇ ಮನೆಗೆ ಹೋದರು.

ಸ್ಟೂಲುಗಳು ಗೋದಾಮಿನಿಂದ ಹೊರಬಂದವು. ಒಂದರ ಕಾಲು ಕುಂಟು, ಅದು ನನಗೆ ಸಿಕ್ಕಿತು. ತಿಂಗಳ ಕೊನೆಗೆ ಸಂಬಳ ಮೊದಲಿನಷ್ಟು ಬಂತು. ನನಗೆ ಗುರುವಾರ ರಜೆ, ಜಯಕ್ಕನಿಗೆ ಸೋಮವಾರ. ಅವರ ಮೊದಲ ಪೂರ್ತಿ ರಜೆಯ ಮಾರನೆಯ ದಿನ, ಏನು ಮಾಡಿದಿರಿ ಎಂದು ಎಲ್ಲರೂ ಕೇಳಿದೆವು. "ಬಾಗಲ್ ಮುಂದೆ ಬಿಸ್ಲಲ್ಲಿ ಕುಂತಿದ್ದೆ," ಎಂದರು. "ನಮ್ಮಟ್ಟಿ ಗೋಡೆ ಬಿರುಕು ಬುಟ್ಟದೆ ಕಣ್ರವ್ವ, ಈಗ ಕಾಣುಸ್ತು. ನಮ್ ತಿಮ್ಮರಾಜಂಗೆ ತಲೆ ಕೂದ್ಲೂ ಬೆಳ್ಳಗಾಗದೆ."

ನಾಗಮಂಗಲ ಮಾತ್ರ ಉಳಿದಿತ್ತು. ಅಲ್ಲಿ ಹತ್ತು ಜನ. ಬಿಲ್ಲಿಂಗಿನಲ್ಲಿರುವ ರಮ್ಯ ಎಂಬ ಹುಡುಗಿಯ ನಂಬರನ್ನು ಬೆಟ್ಟಮ್ಮ ಎಲ್ಲಿಂದಲೋ ಹುಡುಕಿ ಕಳಿಸಿದರು. ಜಯಕ್ಕ ಅದನ್ನು ನನಗೆ ಕೊಟ್ಟರು.

"ನೀವೇ ಮಾತಾಡಿ ಜಯಕ್ಕ."

"ನಾನ್ಯಾಕೆ? ಅರ್ಜಿ ಬರ್ದಿದ್ದು ನೀನು, ಸಹಿ ಹಾಕಿಸ್ಕಂಡಿದ್ದು ನೀನು. ನಿನ್ ಬಾಯಿ ಕೆಟ್ಟದ್ದು ಅಂತ ನೀನೇ ಅನ್ಕಂಡಿದ್ದೀಯ, ನಾವ್ಯಾರೂ ಅನ್ನಾಕಿಲ್ಲ."

ಹತ್ತು ದಿನ ಆ ನಂಬರನ್ನು ಇಟ್ಟುಕೊಂಡು ಕೂತೆ. ನಾನು ಏನೋ ಹೇಳಿ, ಅದು ಅಲ್ಲಿಯ ಮ್ಯಾನೇಜರ ಕಿವಿಗೆ ಬಿದ್ದು, ಪಾಪ ಆ ಹುಡುಗಿಯ ಕೆಲಸ ಹೋದರೆ? ನಾಗಮಂಗಲದ ಜನಕ್ಕೆ ನಾವು ಯಾರೋ. ನಂಬದೆ ಹೋದರೆ? ಎರಡು ಸಲ ಒತ್ತಿ, ಗಂಟೆ ಹೊಡೆಯುವ ಮೊದಲೇ ಕತ್ತರಿಸಿದೆ. ಹೋದ ಗುರುವಾರ ಅತ್ತೆ ಮಗಳಿಗೆ ಎಣ್ಣೆ ಹಚ್ಚುತ್ತಾ, "ಅದೇನು ಫೋನ್ನ ಬೆಂಕಿ ಅನ್ನಂಗೆ ನೋಡ್ತೀಯ, ಒತ್ತು ಅತ್ಲಾಗೆ," ಎಂದರು. ಒತ್ತಿದೆ.

"ಹಲೋ?" ಎಂದಿತು ಸಣ್ಣ ದನಿ. ಹಿಂದೆ ಬಿಲ್ಲಿನ ಯಂತ್ರದ ಸದ್ದು ಕೇಳಿಸುತ್ತಿತ್ತು.

"ರಮ್ಯ ಅವರಾ? ನಾನು ಪಾಂಡವಪುರದ ಹೊನ್ನತೆನೆಯಿಂದ, ಚೈತನ್ಯ. ಬಿಲ್ಲಿಂಗು."

ಆ ಕಡೆ ಬಾಗಿಲು ಸರಿಸಿದ ಸದ್ದಾಯಿತು, ದನಿ ತಗ್ಗಿತು. "ಯೋಳಿ ಅಕ್ಕ. ನಿಮ್ ಸುದ್ದಿ ಎಲ್ಲ ಕೇಳಿವಿ. ನಿಜವಾಗ್ಲೂ ಸ್ಟೂಲು ಕೊಟ್ರಾ?"

"ಕೊಟ್ರು. ರಜೆನೂ ಕೊಟ್ರು, ಇವತ್ತು ರಜೆಲೇ ಮಾತಾಡ್ತಿದ್ದೀನಿ."

"ನಮ್ಗೆ ಇಲ್ಲಿ ಯಾರೂ ಇಲ್ಲ ಅಕ್ಕ, ಎಂಗ್ ಶುರು ಮಾಡಾದು ಅಂತಾನೆ ಗೊತ್ತಾಗ್ತಿಲ್ಲ."

"ನಾವಿದ್ದೀವಿ," ಎಂದೆ. "ಜಯಕ್ಕ ಬರ್ತಾರೆ, ನಾನು ಬರ್ತೀನಿ, ಕೆ.ಆರ್. ಪೇಟೆಯಿಂದ ಬೆಟ್ಟಮ್ಮನೂ ಬರ್ತಾರೆ. ಅವರವರ ರಜೆ ದಿನ ಬರ್ತೀವಿ. ಆದರೆ ನೀವು ಕರೀಬೇಕು."

"ಕರೀತಿದ್ದೀನಿ ಅಕ್ಕ," ಎಂದಳು ರಮ್ಯ. "ಬರಾ ಗುರುವಾರ ಬನ್ನಿ."